ಕೋಳಿ, ಗಿಳಿ ಮತ್ತು ನಾನು

ನಮ್ಮ ಮನೆಯಲ್ಲಿ ಬಸ್ಸಿಗೆ ದುಡ್ಡು ಕೊಡುವ ಜೀವ ನಾನೊಬ್ಬನೇ. ಅವ್ವ ಕೊಡುವುದಿಲ್ಲ, ನಮ್ಮಾಕಿ ಕೊಡುವುದಿಲ್ಲ, ಹುಬ್ಬಳ್ಳಿಯ ನವನಗರದಲ್ಲಿ ಸಂಸಾರ ಹೂಡಿರುವ ಮಗಳು ಕೊಡುವುದಿಲ್ಲ. ಅವಳ ಕೂಸಂತೂ ಇನ್ನೂ ಕೊಡುವ ವಯಸ್ಸಿಗೇ ಬಂದಿಲ್ಲ. ಬಂದರೂ ಹೆಣ್ಣುಕೂಸಾದ್ದರಿಂದ ಕೊಡುವ ಪ್ರಸಂಗವಿಲ್ಲ. 2023ರ ಜೂನ್ 11, ರವಿವಾರ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾಯಿತು. ಅವತ್ತು ಬೆಳಗಿನ ಚಹಾ ಕುಡಿಯುವಾಗ ನಾನು ಮನೆಯ ಯಜಮಾನನಾಗಿದ್ದೆ. ಸಂಜೆಯ ಚಹಾ ಹೊತ್ತಿಗೆ ಮನೆಯ ಖರ್ಚಿನ ಬಾಬತ್ತಾಗಿದ್ದೆ.

ಅದಕ್ಕೆ ಮೊದಲು ಬಸ್ಸೆಂದರೆ ನನ್ನ ದರ್ಬಾರು. ಕಂಡಕ್ಟರ್ ಹತ್ತಿರ ಬರುತ್ತಿದ್ದಂತೆ ಮನೆಮಂದಿಯೆಲ್ಲ ನನ್ನ ಕಡೆ ನೋಡುತ್ತಿದ್ದರು. ನಾನು ಗಡಿಬಿಡಿ ಮಾಡುತ್ತಿರಲಿಲ್ಲ. ಒಮ್ಮೆ ಕಿಟಕಿಯಾಚೆ ನೋಡಿ, ಒಮ್ಮೆ ಕೆಮ್ಮಿ, ಆಮೇಲೆ ಪಾಕೀಟು ತೆಗೆದು, ಬೆರಳಿನಲ್ಲಿ ಎಲ್ಲರ ತಲೆಗಳನ್ನೂ ಗಾಳಿಯಲ್ಲೇ ಎಣಿಸಿ, 'ಮೂರು ಫುಲ್, ಒಂದು ಹಾಫ್, ಹುಬ್ಬಳ್ಳಿ' ಎನ್ನುತ್ತಿದ್ದೆ. ಆ ಧ್ವನಿ ನನಗೆ ಬೇರೆಲ್ಲೂ ಹೊರಡುತ್ತಿರಲಿಲ್ಲ. ಶಾಲೆಯಲ್ಲಿ ಮಾಸ್ತರನಾಗಿ ಇಷ್ಟು ವರ್ಷ ಪಾಠ ಹೇಳಿದ್ದೇನೆ. ಹುಡುಗರು ಒಮ್ಮೆಯೂ ಅಷ್ಟು ಗೌರವದಿಂದ ಕೇಳಿಸಿಕೊಂಡಿಲ್ಲ. ಟಿಕೆಟ್ಟುಗಳನ್ನು ನಾಲ್ಕು ಮಡಿಕೆ ಮಾಡಿ ಗಡಿಯಾರದ ಪಟ್ಟಿಗೆ ಸಿಕ್ಕಿಸಿಕೊಂಡರೆ ಇಡೀ ಸಂಸಾರ ನನ್ನ ಎಡಗೈಯ ಮಣಿಕಟ್ಟಿನಲ್ಲಿ ಪ್ರಯಾಣ ಮಾಡುತ್ತಿತ್ತು. ಚಿಲ್ಲರೆಯನ್ನು ಕಂಡಕ್ಟರ್ ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟನೆಂದರೆ, ಇಳಿಯುವ ಮೊದಲು ಅದನ್ನು ವಸೂಲಿ ಮಾಡುವ ಕೆಲಸವೂ ನನ್ನದೇ. ಆ ಎರಡು ರೂಪಾಯಿಗಾಗಿ ದಾರಿಯುದ್ದಕ್ಕೂ ಕಣ್ಣು ಮುಚ್ಚದೆ ಕೂತಿದ್ದವನನ್ನು ನಮ್ಮಾಕಿ ಬಹಳ ಜವಾಬ್ದಾರಿಯ ಮನುಷ್ಯನೆಂದು ತಿಳಿದಿದ್ದಳು. ಈಗ ಬಸ್ಸಿನಲ್ಲೂ ಕ್ಯೂಆರ್ ಕೋಡ್ ಬಂದಿದೆ, ಎರಡು ರೂಪಾಯಿಯ ಹೋರಾಟವೂ ಹೋಯಿತು.

ನಾನು ಮದುವೆಯಾದದ್ದು 1997ರಲ್ಲಿ. ಅದೇ ವರ್ಷ ಆಗಸ್ಟ್ 24ಕ್ಕೆ ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ನವೆಂಬರ್ 1ಕ್ಕೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಬ್ಬಳ್ಳಿಯಲ್ಲಿ ಬೇರೆ ಒಲೆ ಹೂಡಿತು. ಜಿಲ್ಲೆ ಬೇರೆಯಾಯಿತು, ಬಸ್ಸು ಬೇರೆಯಾಯಿತು, ಬೇರೆಯಾಗುವ ಅವಕಾಶ ಸಿಗದೆ ಉಳಿದವನು ನಾನೊಬ್ಬ. ಈ ಮಾತನ್ನು ಒಮ್ಮೆ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ಅದು ನಾನು ಮನೆ ಮುಟ್ಟುವುದರೊಳಗೇ ಮನೆ ಮುಟ್ಟಿತ್ತು. ಆ ರಾತ್ರಿಯ ಊಟದ ವಿವರ ಇಲ್ಲಿ ಬೇಡ.

ಶಕ್ತಿ ಬಂದ ಮೊದಲ ವಾರ ನಾನು ಇದು ನಾಲ್ಕು ದಿನದ ಸಡಗರ ಎಂದುಕೊಂಡಿದ್ದೆ. ಐದನೆಯ ದಿನ ಅವ್ವ ಎಲೆಅಡಿಕೆಯ ಚಂಚಿಯನ್ನು ಖಾಲಿ ಮಾಡಿ, ಝಾಡಿಸಿ, ಅದರಲ್ಲಿ ಆಧಾರ್ ಕಾರ್ಡು ಇಟ್ಟುಕೊಂಡಳು. ಒಂದು ಕಡೆ ಸವಣೂರ ಎಲೆ, ಒಂದು ಕಡೆ ಅಡಿಕೆ, ನಡುವೆ ಸುಣ್ಣದ ಡಬ್ಬಿಗೆ ಒರಗಿಕೊಂಡು ಭಾರತ ಸರ್ಕಾರದ ಗುರುತಿನ ಚೀಟಿ. ಇಂದಿಗೂ ಆ ಕಾರ್ಡಿನಲ್ಲಿ ಅವ್ವನ ಮೂಗಿನ ಮೇಲೆ ಸುಣ್ಣದ ಬೊಟ್ಟಿದೆ. ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಅವಳು ಕಣ್ಣಿಗೊತ್ತಿಕೊಂಡು ಮನೆಗೆ ತಂದು ಜಗಲಿಯ ಮೇಲೆ ದೇವರ ಭಂಡಾರದ ಪಕ್ಕ ಇಟ್ಟಳು. ನಾನು ಬದುಕಿನುದ್ದಕ್ಕೂ ದುಡ್ಡು ಕೊಟ್ಟು ಕೊಂಡ ಟಿಕೆಟ್ಟುಗಳನ್ನು ಅವಳೇ ಒಲೆಗೆ ಹಾಕಿದ್ದಾಳೆ.

ಒಂದು ಸಂಜೆ ಅತ್ತೆ ಸೊಸೆ ಇಬ್ಬರೂ ಅಕ್ಕಿ ಆರಿಸುತ್ತ ಮಾತಾಡುತ್ತಿದ್ದರು. ಮರುದಿನ ಶಿಶುನಾಳಕ್ಕೆ ಹೋಗುವುದೆಂದು ಠರಾವಾಗಿತ್ತು.

'ನಾನೂ ಬರ್ತೀನಿ' ಅಂದೆ.

ಇಬ್ಬರೂ ತಲೆ ಎತ್ತಿ ನೋಡಿದರು. 'ನೀವು ಯಾಕ್ರೀ? ನೀವು ಬಂದ್ರ ರೊಕ್ಕ ಹತ್ತತೈತಿ' ಅಂದಳು ನಮ್ಮಾಕಿ.

'ಎಷ್ಟ ಹತ್ತೀತು ಮಹಾ?'

'ಎಷ್ಟರ ಹತ್ತಲಿ. ನಮಗ ಹತ್ತೂದಿಲ್ಲಲ್ಲ.'

ಅವ್ವ ಮಗನ ಪರ ವಹಿಸಿ ಏನಾದರೂ ಅಂದಾಳೆಂದು ಕಾದೆ. 'ತಮ್ಮಾ, ನೀ ಮನ್ಯಾಗ ಇರು. ಆಕಳಾ ಯಾರ ಹಿಂಡ್ಯಾರು?' ಅಂದಳು. ಹೀಗೆ ನಾನು ಆಕಳಿನ ಜೊತೆ ಮನೆಯಲ್ಲಿ ಉಳಿಯುವ ಪದ್ಧತಿ ಆರಂಭವಾಯಿತು. ಆಕಳು ಮೊದಮೊದಲು ನನ್ನನ್ನು ಒದೆಯುತ್ತಿತ್ತು. ಈಗ ಅದಕ್ಕೂ ನನ್ನ ಪರಿಸ್ಥಿತಿ ಅರ್ಥವಾದಂತಿದೆ.

ಅವರಿಬ್ಬರೂ ಶಿಶುನಾಳ ಶರೀಫರ ಗದ್ದುಗೆಗೆ ಹೋಗಿಬಂದರು. ಕನಕದಾಸರು ಹುಟ್ಟಿದ ಬಾಡ ನೋಡಿದರು. ಕಾಗಿನೆಲೆ, ಶಿರಸಿಯ ಮಾರಿಕಾಂಬೆ, ಸವದತ್ತಿಯ ಎಲ್ಲಮ್ಮ ಆದವು. ಹಾನಗಲ್ಲಿನ ತಾರಕೇಶ್ವರನ ಗುಡಿ ನೋಡಿಬಂದ ಅವ್ವ, ಆ ಕಲ್ಲಿನ ಛತ್ತಿನಲ್ಲಿ ಕೆತ್ತಿದ ಕಮಲದ ಬಗ್ಗೆ ಎರಡು ದಿನ ಹೇಳಿದಳು. ಹಾನಗಲ್ಲಿನ ಬಗ್ಗೆ ಮಕ್ಕಳಿಗೆ ಇತಿಹಾಸ ಹೇಳುವವನು ನಾನು. ಗುಡಿಯ ಒಳಗಿನ ಕತ್ತಲು ಎಷ್ಟು ತಂಪೆಂದು ಗೊತ್ತಿದ್ದವಳು ಅವ್ವ. ಬಂಕಾಪುರದ ನವಿಲುಧಾಮ ಮಾತ್ರ ಅವಳಿಗೆ ಅಷ್ಟು ಹಿಡಿಸಲಿಲ್ಲ. 'ನವಿಲ ನೋಡಾಕ ಅಷ್ಟ ದೂರ ಯಾಕ ಹೋಗೂದು? ನಮ್ಮ ಹೊಲದಾಗ ಶೇಂಗಾ ತಿನ್ನೂವು ಏನ ಕ್ವಾಣೇನು?'

ಸವಣೂರಿನಲ್ಲಿ ಮಠದ ಅಂಗಳದಲ್ಲಿ ದೊಡ್ಡ ಹುಣಸೆ ಮರಗಳಿವೆ. ಹೆಸರು ಹುಣಸೆ, ಜಾತಿ ಆಫ್ರಿಕಾದ ಬಾವೋಬಾಬ್. ನಾಲ್ಕಾರು ಜನ ಕೈಕೈ ಹಿಡಿದರೂ ಬೊಡ್ಡೆ ತಬ್ಬಲಿಕ್ಕಾಗುವುದಿಲ್ಲ. ಅವನ್ನೂ ನೋಡಿಬಂದ ಅವ್ವನಿಗೆ, ಅವು ಸಮುದ್ರದಾಚೆಯ ಮರಗಳು, ಎಷ್ಟೋ ನೂರು ವರ್ಷದ ಹಿಂದೆ ಯಾರೋ ಇಲ್ಲಿಗೆ ತಂದಿರಬೇಕು ಎಂದು ನಾನು ನನ್ನ ವಿದ್ಯೆಯನ್ನು ಪ್ರದರ್ಶಿಸಿದೆ. ಅವ್ವ ಅಡಿಕೆ ಕತ್ತರಿಸುತ್ತ ಸ್ವಲ್ಪ ಯೋಚಿಸಿದಳು. 'ಅಷ್ಟ ದೂರದಿಂದ ಇಲ್ಲೀತನಕಾ ಬಂದಾವಂದ್ರ ಅವೂ ಹೆಣ್ಣ ಇರಬೇಕ ಬಿಡು' ಅಂದಳು.

2025ರ ಜನವರಿ 5ಕ್ಕೆ ಬಸ್ಸಿನ ದರ ಶೇಕಡಾ 15ರಷ್ಟು ಏರಿತು. ಪತ್ರಿಕೆಯನ್ನು ಮಡಿಚಿಟ್ಟು, ಇನ್ನು ಮೇಲೆ ಮನೆಯಲ್ಲಿ ಎಲ್ಲರೂ ಸ್ವಲ್ಪ ಹಿಡಿತದಲ್ಲಿ ಓಡಾಡಬೇಕು ಎಂದು ಗಂಭೀರವಾಗಿ ಘೋಷಿಸಿದೆ. ಮಗಳು ಫೋನಿನಲ್ಲಿದ್ದಳು, ಸ್ಪೀಕರ್ ಹಾಕಿದ್ದರು. 'ಅಪ್ಪಾಜಿ, ಸೊನ್ನೆಗೆ ಶೇಕಡಾ 15 ಸೇರಿಸಿದ್ರ ಎಷ್ಟಾಗತೈತ್ರಿ?' ಎಂದು ಕೇಳಿದಳು. ಅವಳಿಗೆ ಶೇಕಡಾವಾರು ಲೆಕ್ಕ ಕಲಿಸಿದವನು ನಾನೇ. ಅದೇ ವರ್ಷದ ಜುಲೈನಲ್ಲಿ ಶಕ್ತಿಯ ಉಚಿತ ಪ್ರಯಾಣಗಳು 500 ಕೋಟಿ ಮುಟ್ಟಿದವೆಂದು ಸರ್ಕಾರ ಸಂಭ್ರಮ ಮಾಡಿತು. ಆ ಸುದ್ದಿ ಓದಿ ಹೇಳಿದಾಗ ನಮ್ಮಾಕಿ ಸೆರಗು ಸರಿಮಾಡಿಕೊಂಡ ರೀತಿ ನೋಡಿದರೆ, ಸತ್ಕಾರಕ್ಕೆ ತನ್ನನ್ನೇ ಕರೆಯಬಹುದೆಂದು ಅವಳಿಗೆ ಅನಿಸಿರಬೇಕು. ಕರೆದಿದ್ದರೆ ತಪ್ಪೇನೂ ಇರಲಿಲ್ಲ. ಆ ಸಂಖ್ಯೆಗೆ ನಮ್ಮೂರು ಗೊಟಗೋಡಿಯಿಂದ ಹೋದ ಕಾಣಿಕೆ ಸಣ್ಣದಲ್ಲ.

ನನಗೆ ಉಳಿದ ಆಸೆ ಒಂದೇ. 60 ತುಂಬಿದವರಿಗೆ ಬಸ್ಸಿನಲ್ಲಿ ಶೇಕಡಾ 25 ರಿಯಾಯಿತಿ ಉಂಟು. ನನಗೀಗ 58. ಇದನ್ನು ತಿಳಿದ ದಿನ ನಮ್ಮಾಕಿ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಚಿ, 'ಇನ್ನೆರಡ ವರ್ಷ ಎಲ್ಲೂ ಹೋಗಬ್ಯಾಡ್ರಿ. ಆಮ್ಯಾಲ ಪಾವ ಕಮ್ಮಿ ಆಗತೀರಿ' ಅಂದಳು. ವಯಸ್ಸಾಗುವುದನ್ನು ಇಷ್ಟು ಉತ್ಸಾಹದಿಂದ ಕಾಯುವ ಗಂಡಸು ಶಿಗ್ಗಾವಿ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ.

ಊರ ವಿಷಯ ಹೇಳಲೇಬೇಕು. ಗೊಟಗೋಡಿ ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದ ಊರು. 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇಲ್ಲೇ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಉತ್ಸವ ರಾಕ್ ಗಾರ್ಡನ್ ಇಲ್ಲೇ ಇದೆ. ಒಳಗೆ ಹೋದರೆ ರಾಜಕುಮಾರರ ಸಿನಿಮಾದ ಪಾತ್ರಗಳಿಂದ ಹಿಡಿದು ಉಳುವವರು, ಬೀಸುವವರು, ಎತ್ತು, ಎಮ್ಮೆ, ನಮ್ಮ ಹಳ್ಳಿಯ ಬದುಕೆಲ್ಲ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಎಷ್ಟು ಜೀವಂತವೆಂದರೆ ಅವ್ವ ಮೊದಲ ಸಲ ಹೋದಾಗ ಒಬ್ಬ ಮುದುಕಿಯ ಶಿಲ್ಪವನ್ನು 'ಆರಾಮಾ ಅದೀಯೇನವಾ?' ಎಂದು ಮಾತಾಡಿಸಿ, ಉತ್ತರ ಬಾರದ್ದಕ್ಕೆ ಸಿಟ್ಟು ಮಾಡಿಕೊಂಡಿದ್ದಳು. ದೂರದ ಊರುಗಳಿಂದ ಕಾರು, ಶಾಲೆಯ ಪ್ರವಾಸದ ಬಸ್ಸು ಬರುತ್ತಲೇ ಇರುತ್ತವೆ.

ಇಂಥ ಊರಿನಲ್ಲಿ ಬಸ್ಸಿಗಾಗಿ ಅಲ್ಲಾಡದೆ ಕೂರುವುದು ಅಪಾಯ. ನಾನೊಮ್ಮೆ ಧೋತರ ಉಟ್ಟು, ತಲೆಗೆ ಟೊಪ್ಪಿಗೆ ಹಾಕಿ, ಛತ್ರಿಯ ಹಿಡಿಕೆಗೆ ಗದ್ದವಿಟ್ಟು ಮರದ ಕೆಳಗೆ ಕೂತಿದ್ದೆ. ನಿದ್ದೆಯಲ್ಲ, ಚಿಂತನೆ. ನಮ್ಮಾಕಿ ಪಕ್ಕದಲ್ಲೇ ಚೀಲ ಕಾಯುತ್ತಿದ್ದಳು. ಒಂದು ಕಾರು ನಿಂತಿತು. ಬೆಂಗಳೂರಿನ ಸಂಸಾರ.

'ಪಪ್ಪಾ, ಈ ತಾತ ನೋಡು, ಎಷ್ಟು ರಿಯಲ್ ಆಗಿದೆ!' ಅಂದ ಹುಡುಗ.

'ಮುಟ್ಟಬಾರದು ಪುಟ್ಟಾ' ಅಂದ ಅಪ್ಪ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಕಲೆಯ ಬಗ್ಗೆ ಗೊತ್ತಿದ್ದವನ ಧಾಟಿಯಲ್ಲಿ ಹೆಂಡತಿಗೆ ಹೇಳಿದ: 'ಮುಖ ಪರವಾಗಿಲ್ಲ. ಹೊಟ್ಟೆ ಮಾತ್ರ ಸ್ವಲ್ಪ ಜಾಸ್ತಿ ಮಾಡಿಬಿಟ್ಟಿದಾರೆ.'

ನಾನು ಏಳಬೇಕೆಂದಿದ್ದೆ. ನಮ್ಮಾಕಿ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: 'ಹಂಗ ಇರ್ರಿ ಒಂದ ಕ್ಷಣ. ಪಾಪ, ದೂರದಿಂದ ಬಂದಾರ, ಫೋಟೋ ತಕ್ಕೊಳ್ಳಲಿ.' ಹುಡುಗ ನನ್ನ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡ. ಆ ಹೊತ್ತಿಗೆ ಸರಿಯಾಗಿ ಬಸ್ಸು ಬಂತು. ಶಿಲ್ಪ ಎದ್ದು, ಧೋತರ ಎತ್ತಿ ಕಟ್ಟಿ, ಛತ್ರಿ ಬೀಸುತ್ತ ಓಡಿತು. ಹಿಂದೆ ಕೇಳಿದ ಚೀರಾಟ ಆ ತಾಯಿಯದೋ ಮಗುವಿನದೋ, ತಿರುಗಿ ನೋಡಲು ಪುರಸೊತ್ತಾಗಲಿಲ್ಲ.

ಓಡಿದವನಿಗೆ ಸೀಟು ಸಿಗುತ್ತದೆಂಬುದು ಬೇರೆಯ ಕಾಲದ ಮಾತು. ಟವೆಲ್ ಒಗೆಯುವ ವಿದ್ಯೆಯಲ್ಲಿ ನಾನು ಪಳಗಿದವನು. ಶಿಗ್ಗಾವಿಯ ಬಸ್ ಸ್ಟ್ಯಾಂಡಿಗೆ ಬಸ್ಸು ಒಳಬರುವ ತಿರುವಿನಲ್ಲೇ, ಇನ್ನೂ ಗಾಲಿ ತಿರುಗುತ್ತಿರುವಾಗಲೇ, ಮೂರನೆಯ ಕಿಟಕಿಯಿಂದ ಟವೆಲ್ ಒಗೆದು ಸೀಟಿನ ನಟ್ಟನಡುವೆ ಬೀಳಿಸಬಲ್ಲೆ. ತೊಂದರೆ ಎಂದರೆ ಟವೆಲ್ಲಿಗೂ ನನಗೂ ನಡುವೆ ಬಾಗಿಲೊಂದಿದೆ. ಒಮ್ಮೆ ಆ ಬಾಗಿಲಲ್ಲಿ ಹೊಕ್ಕು ಪಾರಾಗಿ ನಾನು ನನ್ನ ಸೀಟಿನ ಬಳಿ ಬರುವುದರೊಳಗೆ ಅಲ್ಲೊಬ್ಬ ಅಜ್ಜಿ ಕೂತಿದ್ದಳು.

'ಅಜ್ಜಿ, ಟವೆಲ್ ಹಾಕಿದ್ದೆ ನಾನು.'

'ನಿಂದೇನಪಾ ಇದು? ನಾನೂ ಅದ ಅಂದೆ, ಮೆತ್ತಗ ಐತೆಲ್ಲಾ ಅಂತ. ಇರಲಿ ಬಿಡು, ಇಳಿಯೂಮುಂದ ಕೊಡ್ತೀನಿ.'

ಶಕ್ತಿ ಯೋಜನೆಯ ಆದೇಶದಲ್ಲಿ ಬೆಂಗಳೂರಿನ ನಗರ ಸಾರಿಗೆ ಬಿಟ್ಟು ಉಳಿದ ಕಡೆ ಅರ್ಧ ಸೀಟು ಗಂಡಸರಿಗೆ ಎಂದಿದೆ. ಮಾಸ್ತರನಾದವನಿಗೆ ಆದೇಶದ ಮೇಲೆ ವಿಶೇಷ ಭಕ್ತಿ. ಧೈರ್ಯ ಮಾಡಿ ಅದನ್ನೂ ಹೇಳಿ ನೋಡಿದೆ. 'ಅಜ್ಜಿ, ಅರ್ಧಾ ಸೀಟು ಗಂಡಸರಿಗೆ ಅಂತ ಸರ್ಕಾರ ಹೇಳೈತಿ.' ಅಜ್ಜಿ ಅತ್ತ ಇತ್ತ ನೋಡಿ ಪ್ರಾಮಾಣಿಕವಾಗಿಯೇ ಕೇಳಿದಳು: 'ಎಲ್ಲಿ ಐತಪಾ ಸರ್ಕಾರ? ಬಂದ್ರ ಏಳ್ತೀನಿ.' ಇಡೀ ಬಸ್ಸು ನಕ್ಕಿತು. ಹಿಂದಿನ ಸೀಟಿನಲ್ಲಿದ್ದ ನಮ್ಮಾಕಿ ಎಲ್ಲರಿಗಿಂತ ಮೊದಲು ನಕ್ಕಳು, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದಳು. ಟವೆಲ್ ಸಿಗಲಿಲ್ಲ. ಮನೆಯಲ್ಲಿ ಈಗ ಟವೆಲ್ಲುಗಳು ನಮ್ಮಾಕಿಯ ಕೀಲಿಯೊಳಗಿವೆ.

ಇನ್ನು ಕೋಳಿಯ ಪ್ರಕರಣ. ಹೋದ ಶ್ರಾವಣ ಮುಗಿದ ಮೇಲೆ ಮಗಳಿಗೆ ಒಂದು ಜವಾರಿ ಕೋಳಿ ಕೊಟ್ಟುಬರುವುದೆಂದು ಮನೆಯಲ್ಲಿ ನಿಶ್ಚಯವಾಯಿತು. ಈ ಸಲ ನನ್ನನ್ನೂ ಕರೆದರು. ಸಂತೋಷದಿಂದ ಗಡ್ಡ ಕೆರೆದುಕೊಂಡೆ. ಆಮೇಲೆ ತಿಳಿಯಿತು, ಅವ್ವನ ಕೈಯಲ್ಲಿ ಖಾರದಪುಡಿಯ ಡಬ್ಬಿ, ನಮ್ಮಾಕಿಯ ಕೈಯಲ್ಲಿ ರೊಟ್ಟಿಯ ಗಂಟು, ಕೋಳಿಗೆ ಒಂದು ಕೈ ಕಡಿಮೆ ಬಿದ್ದಿತ್ತು.

ಬಸ್ಸು ತಡಸ ಕ್ರಾಸ್ ದಾಟುವ ಹೊತ್ತಿಗೆ ಕಂಡಕ್ಟರ್ ಬಂದ. ಅವ್ವ ಚಂಚಿ ಬಿಚ್ಚಿ ಸುಣ್ಣದ ಮೂಗಿನ ಆಧಾರ್ ತೋರಿಸಿದಳು: ಸೊನ್ನೆ. ನಮ್ಮಾಕಿ ತೋರಿಸಿದಳು: ಸೊನ್ನೆ. ನನಗೆ ಫುಲ್. ಅಷ್ಟರಲ್ಲಿ ನನ್ನ ಚೀಲ 'ಕೊಕ್' ಅಂದಿತು. ಕಂಡಕ್ಟರ್ ಯಂತ್ರವನ್ನು ಮತ್ತೆ ಕೈಗೆತ್ತಿಕೊಂಡ. ಕೋಳಿಗೆ ಅರ್ಧ ಟಿಕೆಟ್ ಹರಿಯುವುದು ನಮ್ಮ ಸರ್ಕಾರಿ ಬಸ್ಸುಗಳ ಹಳೆಯ ಸಂಪ್ರದಾಯ.

'ಇದು ಹೆಣ್ಣುಕೋಳಿ' ಅಂದೆ.

ಕಂಡಕ್ಟರ್ ನಗಲಿಲ್ಲ. ದಿನಕ್ಕೆ ಎಷ್ಟು ಜನ ಈ ಮಾತು ಹೇಳುತ್ತಾರೋ ಪಾಪ. 'ಆಧಾರ್ ಐತೇನ್ರಿ?' ಅಂದ.

ಇದರಲ್ಲಿ ನಾನೇ ಮೊದಲಿಗನಲ್ಲ ಎಂಬುದೊಂದು ಸಮಾಧಾನ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಒಬ್ಬ ಅಜ್ಜಿ ಮತ್ತು ಮೊಮ್ಮಗಳ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅವರಿಬ್ಬರದು ಶಕ್ತಿಯ ಸೊನ್ನೆ ಟಿಕೆಟ್. ಪಂಜರದಲ್ಲಿದ್ದ ನಾಲ್ಕು ಲವ್ ಬರ್ಡ್ಸ್ ಗಿಳಿಗಳಿಗೆ ಮಕ್ಕಳ ದರದಲ್ಲಿ ತಲಾ 111, ಒಟ್ಟು 444 ರೂಪಾಯಿ. ಆ ಸುದ್ದಿ ಓದಿ ನಾಡೆಲ್ಲ ನಕ್ಕಿತು. ನಾನು ಮಾತ್ರ ಆ ಗಿಳಿಗಳ ಫೋಟೋವನ್ನು ಬಹಳ ಹೊತ್ತು ನೋಡಿದೆ. ನಮ್ಮ ಜಾತಿಯವರು. ಅವುಗಳಿಗಾದರೂ ಮಕ್ಕಳ ದರ.

ಹುಬ್ಬಳ್ಳಿಯವರೆಗಿನ ದಾರಿ ಹೀಗೆ ಸಾಗಿತು: ಪಕ್ಕದ ಹೆಣ್ಣುಮಗಳೊಬ್ಬಳು ಕೋಳಿಗೆ ಸೆಕೆಯಾಗುತ್ತದೆಂದು ಅದನ್ನು ಚೀಲದಿಂದ ತೆಗೆಸಿ ಅವ್ವನ ತೊಡೆಯ ಮೇಲೆ ಕೂರಿಸಿದಳು. ಇನ್ನೊಬ್ಬಳು ಅದಕ್ಕೆ ಅಂಗೈಯಲ್ಲಿ ನೀರು ಕುಡಿಸಿದಳು. ಕಿಟಕಿಯ ಕಡೆ ಮುಖ ಮಾಡಿ ಅದು ವರೂರಿನ ಜೈನ ಬಸದಿಯನ್ನು ನೋಡಿತು. ಅರ್ಧ ಟಿಕೆಟ್ಟಿನದು ಕೂತಿತ್ತು, ಫುಲ್ ಟಿಕೆಟ್ಟಿನವನು ಕಂಬಿ ಹಿಡಿದು ನಿಂತಿದ್ದ. ಯಾರೋ ನನ್ನ ಕಾಲು ತುಳಿದಾಗ ನನ್ನ ಬಾಯಿಂದ ಹೊರಟ ಸದ್ದು ಕೋಳಿಯದಕ್ಕಿಂತ ಬೇರೆಯಾಗಿರಲಿಲ್ಲ.

ಹುಬ್ಬಳ್ಳಿಯಲ್ಲಿಳಿದ ಮೇಲೆ ನವನಗರಕ್ಕೆ ಹೋಗಲು ಎರಡು ದಾರಿ. ಒಂದು, ಸಾದಾ ಸಿಟಿ ಬಸ್ಸು. ಇನ್ನೊಂದು, ಚಿಗರಿ. ಹೊರಗಿನವರಿಗಾಗಿ ಹೇಳುತ್ತೇನೆ: ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೂ ರಸ್ತೆಯ ನಟ್ಟನಡುವೆ ಬಸ್ಸಿಗೆಂದೇ ಬೇರೆ ಹಾದಿ ಮಾಡಿ ಬಿಟ್ಟ ಹವಾನಿಯಂತ್ರಿತ ಬಸ್ಸು ಇದು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿತು. 2020ರ ಫೆಬ್ರವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ವಿಧಿಪೂರ್ವಕ ಉದ್ಘಾಟಿಸಿದರು. ನಿಲ್ದಾಣವೂ ರಸ್ತೆಯ ನಡುವೆಯೇ, ಬಾಗಿಲಿಗೆ ಬಾಗಿಲು ಹೊಂದಿಸಿ ಬಸ್ಸು ನಿಲ್ಲುತ್ತದೆ, ಮೆಟ್ಟಿಲು ಹತ್ತುವ ಕಷ್ಟವಿಲ್ಲ.

ಏಸಿ ಬಸ್ಸು ಶಕ್ತಿಯ ಲೆಕ್ಕಕ್ಕೆ ಬರುವುದಿಲ್ಲವೆಂದು ನಮ್ಮಾಕಿಗೆ ಯೋಜನೆಯ ಮೊದಲ ದಿನದಿಂದ ಬಾಯಿಪಾಠ. ಅವ್ವನನ್ನೂ ಕೋಳಿಯನ್ನೂ ಕರೆದುಕೊಂಡು ಅವಳು ಸಾದಾ ಬಸ್ಸಿನ ಕಡೆ ತಿರುಗಿದಳು.

ನನ್ನೊಳಗಿನ ಹಳೆಯ ಯಜಮಾನ ಅಲ್ಲಿ ಎದ್ದು ಕೂತ. ಹೇಗೂ ದುಡ್ಡು ಕೊಡುವವನು ನಾನು. ಕೊಡುವುದಾದರೆ ತಂಪಿನಲ್ಲಿ ಕೂತು ಕೊಡುತ್ತೇನೆ. 'ನಾ ಚಿಗರ್ಯಾಗ ಬರ್ತೀನಿ. ನೀವು ಮುಟ್ಟೂದರಾಗ ನಾ ಚಹಾ ಕುಡದಿರ್ತೀನಿ' ಎಂದು ಸವಾಲು ಹಾಕಿದೆ.

ಟಿಕೆಟ್ ಕೊಂಡೆ. ಗೇಟಿನ ಮುಂದೆ ಅದನ್ನು ಹಿಂದೆಮುಂದೆ ಮಾಡಿ ತೋರಿಸಿದೆ. ಗೇಟು ತೆರೆಯಲಿಲ್ಲ. ನನ್ನ ಹಿಂದಿದ್ದ ಕಾಲೇಜು ಹುಡುಗಿ ನನ್ನ ಕೈ ಹಿಡಿದು, ಚೀಟಿ ತಿರುವಿ, ಕಪ್ಪು ಗೆರೆಗಳ ಕಡೆ ಕೆಳಗೆ ಮಾಡಿಸಿ, 'ಈಗ ಹೋಗ್ರಿ ಅಂಕಲ್' ಎಂದು ದಾಟಿಸಿದಳು. ಮುಂದೆ ಬಂದು ನಿಂತ ಬಸ್ಸನ್ನು ಹತ್ತಿ ಕೂತೆ. ಆಹಾ, ಸೀಟು! ಕಿಟಕಿ! ತಂಪು! ಯಾರೂ ನನ್ನ ಟವೆಲ್ ಮೇಲೆ ಕೂತಿರಲಿಲ್ಲ, ಯಾಕೆಂದರೆ ಟವೆಲ್ಲೇ ಇರಲಿಲ್ಲ. ಉಣಕಲ್ ಕೆರೆಯ ಹತ್ತಿರ ಪಕ್ಕದ ರಸ್ತೆಯಲ್ಲಿ ಸಾದಾ ಬಸ್ಸೊಂದು ಕಾರು ಟಂಟಂಗಳ ನಡುವೆ ಸಿಕ್ಕಿಕೊಂಡಿತ್ತು. ಕಿಟಕಿಯಲ್ಲಿ ನಮ್ಮಾಕಿ. ಅವಳ ಪಕ್ಕ ಅವ್ವ. ಇಬ್ಬರ ನಡುವೆ ಕೋಳಿ. ನಾನು ಗಾಜಿನಾಚೆಯಿಂದ, ಮೆರವಣಿಗೆಯಲ್ಲಿ ಹೊರಟ ಮಂತ್ರಿಯ ಗತ್ತಿನಲ್ಲಿ, ನಿಧಾನಕ್ಕೆ ಕೈ ಬೀಸಿದೆ.

ನವನಗರ ಬಂತು. ನಾನು ಎದ್ದು ಬಾಗಿಲಿಗೆ ಹೋದೆ. ನವನಗರ ಹೋಯಿತು.

ಚಿಗರಿಯಲ್ಲಿ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಬಸ್ಸೂ ಇರುತ್ತದೆ, ನಡುವಿನವನ್ನು ಬಿಟ್ಟು ಓಡುವ ಬಸ್ಸೂ ಇರುತ್ತದೆ. ಯಾವುದು ಯಾವುದೆಂದು ನಿಲ್ದಾಣದಲ್ಲೂ ಬಸ್ಸಿನ ಹಣೆಯ ಮೇಲೂ ಕನ್ನಡದಲ್ಲಿ ಬರೆದಿರುತ್ತದೆ. ಬರೆದದ್ದನ್ನು ಓದಿರೆಂದು ನಾನು ಮಕ್ಕಳಿಗೆ ದಿನವೂ ಹೇಳುತ್ತೇನೆ. ಬಾಗಿಲ ಬಳಿ ನಿಂತವನನ್ನು ಪಕ್ಕದವರು 'ಧಾರವಾಡಕ್ಕ ಇನ್ನೂ ಟೈಮ್ ಐತ್ರಿ, ಕುಂಡ್ರ್ರಿ' ಎಂದು ಸಮಾಧಾನ ಮಾಡಿದರು. 'ಗೊತ್ತೈತ್ರಿ, ಕಾಲು ಜೋಮು ಹಿಡದಾವ' ಎಂದು ನಾನು ಕಾಲು ಝಾಡಿಸಿದೆ. ಸತ್ತೂರ ಹೋಯಿತು. ಇಡೀ ಬಸ್ಸು ತಂಪಾಗಿತ್ತು, ನನಗೊಬ್ಬನಿಗೆ ಬೆವರು.

ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಇಳಿದು ಎರಡು ನಿಮಿಷ ನಿಂತೆ. ಆಮೇಲೆ ಬುದ್ಧಿ ಓಡಿತು. ಲೈನ್ ಬಜಾರಿಗೆ ಹೋಗಿ ಅರ್ಧ ಕಿಲೋ ಫೇಡೆ ಕಟ್ಟಿಸಿಕೊಂಡೆ. ವಾಪಸ್ ಹೊರಡುವಾಗ ಬಸ್ಸಿನ ಹಣೆಯನ್ನು ಮೂರು ಸಲ ಓದಿ, ಇಬ್ಬರನ್ನು ಕೇಳಿ, ಹತ್ತಿದೆ. ಮಗಳ ಮನೆಯ ಬಾಗಿಲಲ್ಲಿ ಫೇಡೆಯ ಪೊಟ್ಟಣವನ್ನು ಮುಂದೆ ಹಿಡಿದೇ ಒಳಹೊಕ್ಕೆ.

'ಕೂಸಿಗೆ ಧಾರವಾಡದ ಫೇಡೆ ತರೂಣೂ ಅಂತ ಅಲ್ಲೀತನಕಾ ಹೋಗಿದ್ದೆ' ಅಂದೆ.

ಯಾರೂ ಮಾತಾಡಲಿಲ್ಲ. ಕೋಳಿ ಹಿತ್ತಲಲ್ಲಿ ಆಗಲೇ ಕಾಳು ತಿನ್ನುತ್ತಿತ್ತು. ಚಹಾದ ಕಪ್ಪುಗಳನ್ನು ತೊಳೆದು ಬೋರಲು ಹಾಕಿದ್ದರು.

'ಅಪ್ಪಾಜಿ, ಈ ಅಂಗಡಿ ಫೇಡೆ ಇಲ್ಲೇ ಹುಬ್ಬಳ್ಳ್ಯಾಗೂ ಸಿಗತೈತ್ರಿ' ಅಂದಳು ಮಗಳು.

'ಅಲ್ಲಿಯ ರುಚಿ ಬ್ಯಾರೆ' ಅಂದೆ.

ನಮ್ಮಾಕಿ ಒಂದು ಫೇಡೆ ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಚಪ್ಪರಿಸಿ, 'ಹೌದವಾ, ಬ್ಯಾರೇನ ಐತಿ. ಹೋಗೂದಕ್ಕ ಏಸಿ ಚಾರ್ಜು, ಬರೂದಕ್ಕ ಏಸಿ ಚಾರ್ಜು ಎಲ್ಲಾ ಕಲಸ್ಯಾರ' ಅಂದಳು. ಅವ್ವನಿಗೆ ಏನೂ ತಿಳಿದಿಲ್ಲವೆಂದುಕೊಂಡಿದ್ದೆ. ಅವಳು ಫೇಡೆಯ ಚೂರನ್ನು ಕೂಸಿನ ಬಾಯಿಗಿಡುತ್ತ, 'ನಾ ಅಂದಿದ್ದೆ, ಕೈ ಬೀಸಿದಾಗನ ಅಂದಿದ್ದೆ, ಈ ತಮ್ಮ ಎಲ್ಲೋ ದೂರ ಹೊಂಟಾನ ಅಂತ' ಎಂದಳು.

ಮರಳಿ ಬರುವಾಗ ಕತ್ತಲಾಗಿತ್ತು. ಅವ್ವ ಮಗಳ ಮನೆಯಲ್ಲೇ ನಾಲ್ಕು ದಿನ ಉಳಿದಳು. ಹುಬ್ಬಳ್ಳಿಯಿಂದ ಹೊರಟ ಬಸ್ಸಿನಲ್ಲಿ ಅದೃಷ್ಟಕ್ಕೆ ಇಬ್ಬರಿಗೂ ಜೋಡಿ ಸೀಟು ಸಿಕ್ಕಿತು. ಕಂಡಕ್ಟರ್ ಎಳೆಯ ಹುಡುಗ, ಬಹಳ ಮರ್ಯಾದಸ್ಥ. ನನ್ನ ಮುಖದ ಕಡೆ ಬಗ್ಗಿ, ಕಿವಿ ಮಂದವಿರಬಹುದೆಂದು ಸ್ವಲ್ಪ ಜೋರಾಗಿಯೇ ಕೇಳಿದ:

'ಅಜ್ಜಾರ, ಸೀನಿಯರ್ ಸಿಟಿಜನ್ ಕಾರ್ಡ್ ಐತೇನ್ರಿ? ಪಾವ ಕಮ್ಮಿ ಆಗತೈತ್ರಿ.'

ಇನ್ನೂ ಎರಡು ವರ್ಷ ಕಾಯಬೇಕಾಗಿದ್ದ ಮಾತು ಅದು. ಆದರೆ ಹೀಗೆ, ಅವಧಿಗೆ ಮೊದಲೇ, ಇಷ್ಟು ಜನರ ಮುಂದೆ, ಅಜ್ಜಾರ ಎಂಬ ಒಗ್ಗರಣೆ ಹಾಕಿಸಿಕೊಂಡು ಬರುತ್ತದೆಂದು ಎಣಿಸಿರಲಿಲ್ಲ. ನಮ್ಮಾಕಿ ಮೊಣಕೈಯಿಂದ ತಿವಿದಳು. ನಾನು ಬೆನ್ನು ನೆಟ್ಟಗೆ ಮಾಡಿದೆ, ಹೊಟ್ಟೆ ಒಳಗೆಳೆದುಕೊಂಡೆ, ಪಾಕೀಟು ತೆಗೆದೆ. 'ಫುಲ್ ಕೊಡಪಾ' ಅಂದೆ. ಆ ಹಳೆಯ ಧ್ವನಿಯಲ್ಲೇ ಅಂದೆ.

ಹುಡುಗ ಫುಲ್ ಕೊಟ್ಟು ಪಕ್ಕಕ್ಕೆ ತಿರುಗಿದ. 'ಅಕ್ಕಾರ, ನಿಮ್ಮ ಆಧಾರ್ ತೋರಸ್ರಿ.'

ಅವಳು ತೋರಿಸಿದಳು. ಅವನು ಸೊನ್ನೆಯ ಟಿಕೆಟ್ ಹರಿದು ಕೊಟ್ಟು, ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮಾತು ಬೆಳೆಸುವ ಸೌಜನ್ಯಕ್ಕೆ ಕೇಳಿದ: 'ಇವರು ನಿಮ್ಮ ಅಪ್ಪಾರೇನ್ರಿ?'

ನಮ್ಮಾಕಿ ನನ್ನ ಕಡೆ ನೋಡಿದಳು. ಕೈಯಲ್ಲಿದ್ದ ನನ್ನ ಫುಲ್ ಟಿಕೆಟ್ಟಿನ ಕಡೆ ನೋಡಿದಳು. ಆಮೇಲೆ ಕಂಡಕ್ಟರನನ್ನು ಕೇಳಿದಳು:

'ಹೌದು ಅಂದ್ರ ಏನರ ಕಮ್ಮಿ ಆಗತೈತೇನಪಾ?'